ನಾನು ಜರಡಿಯಾದ ಬೇಸಿಗೆ

ಆಗೆಲ್ಲ ಹುಮನಾಬಾದಿನ ನಮ್ಮ ಓಣಿಗೆ ಬೇಸಿಗೆ ಬಂದದ್ದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಬಿಸಿಲಿಗೆ ಹರವಿದ ಮೆಣಸಿನಕಾಯಿಯ ಘಾಟು, ನೆನೆದ ಗೋಧಿಯ ಹಸಿ ವಾಸನೆ. ಮನೆಮನೆಯಲ್ಲೂ ಶ್ಯಾವಿಗೆ ಹೊಸೆಯುವ ಕಾಲ. ಮಕ್ಕಳಿಗೆ ಕಾಗೆ ಓಡಿಸುವ ನೌಕರಿ. ಕಾಗೆ ತಿಂದದ್ದಕ್ಕಿಂತ ನಾವು ಕದ್ದು ತಿಂದದ್ದೇ ಹೆಚ್ಚು ಅನ್ನಿ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದೆ. ಆ ವರ್ಷ ಕ್ರಿಸ್ಮಸ್ಸಿನಿಂದ ನಮ್ಮವ್ವನಿಗೂ ಪಕ್ಕದ ಮನೆಯ ದೊಡ್ಡವ್ವನಿಗೂ ಮಾತು ಬಂದ್. ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಕಾರಣ ಒಂದು ಕೋಳಿ. ನಮ್ಮ ಕೋಳಿ ದೊಡ್ಡವ್ವ ಒಣಹಾಕಿದ ಜೋಳ ಕೆದರಿತು, ದೊಡ್ಡವ್ವ ಕಟ್ಟಿಗೆ ಬೀಸಿದಳು, ಕೋಳಿ ಕುಂಟಿತು. ಆಮೇಲೆ ಜಗಳ ಕೋಳಿಯನ್ನು ಬಿಟ್ಟು ಇಬ್ಬರ ತವರುಮನೆಯವರೆಗೂ ಹೋಯಿತು. ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದರೆ ಇಬ್ಬರೂ ಊರಿಗೆಲ್ಲ ‘ವಂದನೆ’ ಹೇಳುವರು, ಒಬ್ಬರಿಗೊಬ್ಬರು ಮಾತ್ರ ಹೇಳರು.

ನಡುವಿನ ಅಂಚೆ ನಾನೇ.

“ನಿಮ್ಮ ದೊಡ್ಡವ್ವಗ ಹೇಳು, ನಮ್ಮ ಬಕೆಟ್ ಕೊಟ್ಟು ಕಳಿಸಂತ.”

“ನಿಮ್ಮವ್ವಗ ಹೇಳು, ಅಕಿ ಬಕೆಟ್ ನಾ ಏನ್ ನುಂಗಂಗಿಲ್ಲ ಅಂತ.”

ಹೀಗಿರುವಾಗ ಒಂದು ಭಾನುವಾರ ಸಂಡೇ ಸ್ಕೂಲಿನ ಟೀಚರಮ್ಮ ಮನೆಯಿಂದ ಜರಡಿ ತಂದರು. ಅವರ ಮನೆಯಲ್ಲೂ ಶ್ಯಾವಿಗೆ ಕೆಲಸ ನಡೆದಿತ್ತೇನೋ, ಅದರ ಅಂಚಿಗೆ ಇನ್ನೂ ಹಿಟ್ಟು ಮೆತ್ತಿತ್ತು. “ನೋಡ್ರಿ ಮಕ್ಕಳ್ಯಾ, ಇದು ತೌಡು ತನ್ನ ಹಂತ್ಯಾಕ ಇಟ್ಕೋತದ, ಹಿಟ್ಟು ನಮಗ ಕೊಡ್ತದ. ಯೇಸುಸ್ವಾಮಿ ದೇವರಿಗೂ ನಮಗೂ ನಡುವ ನಿಂತಿದ್ದು ಹಿಂಗ. ನಮ್ಮ ಕೆಟ್ಟದ್ದೆಲ್ಲಾ ತನ್ನ ಮ್ಯಾಲ ತಗೊಂಡಾನ. ನೀವೂ ಇಬ್ಬರ ನಡುವ ನಿಂತ್ರ ಜರಡಿ ಆಗ್ರಿ.”

ನನಗೆ ಅಷ್ಟು ಸಾಕಾಯಿತು. ಮರುದಿನದಿಂದ ತೌಡೆಲ್ಲ ನನ್ನ ಹೊಟ್ಟೆಯಲ್ಲೇ ಉಳಿಯಿತು. ಆದರೆ ಬೈಗುಳ ತೆಗೆದರೆ ಮಾತೇ ಉಳಿಯುತ್ತಿರಲಿಲ್ಲ! ಬರಿಗೈಯಲ್ಲಿ ಹೇಗೆ ಹೋಗುವುದೆಂದು ನನ್ನ ಕಡೆಯಿಂದ ಒಂದಿಷ್ಟು ಹಿಟ್ಟು ಸೇರಿಸತೊಡಗಿದೆ. “ಊಟ ಆತೇನು ಅಂತ ಅವ್ವ ಕೇಳ್ಯಾಳ.” ದೊಡ್ಡವ್ವ ಜ್ವರದಲ್ಲಿ ಮಲಗಿದಾಗ, “ನೀರಾಗ ಕೈ ಇಡಬ್ಯಾಡ ಅಂತ ಹೇಳ್ಯಾಳ.” ದೊಡ್ಡವ್ವ ಗೋಡೆ ಕಡೆ ಹೊರಳಿದಳು.

ಈಸ್ಟರ್ ಮುಗಿದ ಎರಡನೇ ವಾರ ದೊಡ್ಡವ್ವನ ಮಗಳು ಸುಶೀಲಕ್ಕನ ಮದುವೆ, ಬಸವಕಲ್ಯಾಣದ ಹುಡುಗನ ಜೊತೆ. ಮದುಮಗಳ ಬುಟ್ಟಿಯಲ್ಲಿ ಶ್ಯಾವಿಗೆ ಹೋಗಲೇಬೇಕು. ಶ್ಯಾವಿಗೆಯೋ ಒಬ್ಬರ ಕೆಲಸವಲ್ಲ. ಇಳಿಜಾರಾಗಿ ಇಟ್ಟ ಮಣೆಯ ಮೇಲೆ ಒಬ್ಬರು ಕೂತು ಹೊಸೆಯಬೇಕು, ಕೆಳಗೊಬ್ಬರು ಇಳಿದ ಎಳೆಗಳನ್ನು ಹಿಡಿದು ಕೋಲಿಗೆ ಹಾಕಬೇಕು. ಅಷ್ಟು ವರ್ಷ ಹೊಸೆದವಳು ದೊಡ್ಡವ್ವ, ಹಿಡಿದವಳು ಅವ್ವ. ಈ ಸಲ ಸುಶೀಲಕ್ಕ ಹಿಡಿದರೆ ಎಳೆಗಳೆಲ್ಲ ಪಟಪಟ ಹರಿದವು. ಮದುವೆಗೆ ಎಂಟೇ ದಿನ. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾನು ಮನೆಗೆ ಓಡಿದೆ. “ಅವ್ವಾ, ದೊಡ್ಡವ್ವ ಕರಿಯಾಕತ್ಯಾಳ. ನೀ ಇಲ್ದ ಆಗಂಗಿಲ್ಲಂತ.” ಅವ್ವ ನನ್ನನ್ನೇ ದಿಟ್ಟಿಸಿದಳು, ಕೈ ತೊಳೆದಳು, ಹೊರಟಳು. ಇಬ್ಬರೂ ಎದುರು ಕೂತರೆ ನನ್ನ ಸುಳ್ಳೆಲ್ಲ ಬಯಲಾಗುತ್ತದೆಂದು ನನಗೆ ಹೊಳೆದದ್ದೇ ಆಗ.

ಅವ್ವ ಮಣೆಯ ಕೆಳಗೆ ಕೂತು ಕೈ ಚಾಚಿದಳು. ದೊಡ್ಡವ್ವ ಹೊಸೆಯತೊಡಗಿದಳು. ಎಳೆ ಒಂದೂ ಹರಿಯಲಿಲ್ಲ. ಎರಡು ಕೋಲು ತುಂಬಿದ ಮೇಲೆ ದೊಡ್ಡವ್ವ ಕೈ ನಿಲ್ಲಿಸಿ ಅವ್ವನ ಕಡೆ ತಿರುಗಿದಳು.

“ಶಾಂತಾ, ಜ್ವರ ಬಂದಾಗ ನೀರಾಗ ಕೈ ಇಡಬ್ಯಾಡ ಅಂತ ಹೇಳಿ ಕಳಿಸಿದ್ದಿಯಲ್ಲಾ, ಅವತ್ತ ನಾ ಭಾಳ ಅತ್ತೆ. ನಿನಗ ಒಂದು ಮಾತೂ ಹೇಳಿ ಕಳಿಸಲಿಲ್ಲ ನೋಡು.”

ಅವ್ವ ತಲೆ ಎತ್ತಿ ದೊಡ್ಡವ್ವನನ್ನು ನೋಡಿದಳು, ಆಮೇಲೆ ಬಾಗಿಲಲ್ಲಿ ನಿಂತ ನನ್ನನ್ನು.

“ಹೂಂ ಯಕ್ಕಾ,” ಅಂದಳು. “ನಾನ ಹೇಳಿ ಕಳಿಸಿದ್ದೆ.”

ಅಂದು ಸಂಜೆ ದೊಡ್ಡವ್ವ ಬಸಿದ ಶ್ಯಾವಿಗೆಗೆ ಬೆಲ್ಲ, ತುಪ್ಪ ಹಾಕಿ ಎಲ್ಲರಿಗೂ ಬಡಿಸಿದಳು. ನಾನು ಮೂರು ಸಲ ಹಾಕಿಸಿಕೊಂಡೆ. ಮನೆಗೆ ಬಂದ ಮೇಲೆ ಅವ್ವ ಕಿವಿ ಹಿಂಡಿದಳು. “ಸುಳ್ಳು ಹೇಳೂದು ಪಾಪ. ಮೊಣಕಾಲೂರು, ಕ್ಷಮಾ ಕೇಳು.” ನಾನು ಮೊಣಕಾಲೂರಿ ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಬಳೆ ಸದ್ದಾಯಿತು. ಅವ್ವನೂ ಮೊಣಕಾಲೂರಿದ್ದಳು.

ಆ ಇಬ್ಬರೂ ಈಗಿಲ್ಲ. ಅವರು ನನ್ನ ಪಾಲಿಗಿದ್ದದ್ದಕ್ಕೆ ದೇವರಿಗೆ ಎಷ್ಟು ಸ್ತೋತ್ರ ಹೇಳಿದರೂ ಸಾಲದು. ಶ್ಯಾವಿಗೆ ಈಗ ಅಂಗಡಿಯಲ್ಲಿ ಪಾಕೀಟಿನಲ್ಲಿ ಸಿಗುತ್ತದೆ. ಹೊಸೆಯಲು, ಹಿಡಿಯಲು ಇಬ್ಬರು ಕೂಡಬೇಕಾಗಿಲ್ಲ. ಮಾತು ಒಯ್ಯಲು ಮಕ್ಕಳೂ ಬೇಡ, ಫೋನ್ ಇದೆ. ಆದರೆ ಫೋನಿಗೆ ಜರಡಿ ಇಲ್ಲ, ಹಿಟ್ಟೂ ತೌಡೂ ಒಟ್ಟಿಗೇ ಹೋಗುತ್ತವೆ.

ಮೊನ್ನೆ ಸುಶೀಲಕ್ಕನ ಮೇಲೆ ಸಿಟ್ಟು ಬಂದು ಉದ್ದಕ್ಕೆ ಒಂದು ಮೆಸೇಜ್ ಬರೆದಿದ್ದೆ. ಕಳಿಸುವ ಮೊದಲು ಯಾಕೋ ಅವ್ವನ ಬಳೆ ಸದ್ದು ನೆನಪಾಯಿತು. ಎಲ್ಲ ಅಳಿಸಿದೆ. ಅಳಿಸಿದ ಮೇಲೆ ಉಳಿದದ್ದೇನೂ ಇರಲಿಲ್ಲ. ಹಳೆಯ ರೂಢಿಯಂತೆ ನನ್ನ ಕಡೆಯಿಂದ ಸೇರಿಸಿದೆ: “ಯಕ್ಕಾ, ಊಟ ಆತೇನು?”