ಪುಟ್ಟಮಾದಯ್ಯ ಕಟ್ಟು ಹಾಕದ ನೋವು

ವೈದ್ಯನಾಥಪುರದ ಪುಟ್ಟಮಾದಯ್ಯ ಮೂವತ್ತು ವರ್ಷಗಳಿಂದ ಮುರಿದ ಮೂಳೆಗೆ ಕಟ್ಟು ಹಾಕುತ್ತಿದ್ದ. ೧೯೪೧ರ ಒಂದು ಬೆಳಿಗ್ಗೆ ಮದ್ದೂರು ರಸ್ತೆಯಲ್ಲಿ ಬಾಡಿಗೆ ಕಾರೊಂದು ಹಳ್ಳಕ್ಕೆ ಉರುಳಿತು. ಅದರಲ್ಲಿದ್ದ ತುಂಬು ಬಸುರಿ ದೇವಿರಮ್ಮನನ್ನು ಗಂಡ ಚಲುವರಾಜು ಪುಟ್ಟಮಾದಯ್ಯನ ಜಗಲಿಗೆ ಹೊತ್ತು ತಂದ.

“ಸೊಂಟ ಮುರ್ದೋಗದೆ ಕಣಣ್ಣೋ, ಬೇಗ ಕಟ್ಟಾಕು!”

ಪುಟ್ಟಮಾದಯ್ಯ ಅವಳ ಕಾಲು ಮಡಿಸಿ, ನೀಡಿಸಿ ನೋಡಿದ. ಎಲ್ಲೂ ಮುರಿದಿರಲಿಲ್ಲ. ನೋವು ಬಿಟ್ಟುಬಿಟ್ಟು ಬರುತ್ತಿದೆ ಎಂದು ಅವಳು ಹೇಳಿದ್ದೇ ತಡ, ಅವನಿಗೆ ನಗು ಬಂತು.

“ಮೂಳೆ ನೆಟ್ಟಗದೆ ಕಣ್ಲಾ. ಇದು ನನ್ ಕಸುಬಲ್ಲ. ಸೂಲಗಿತ್ತಿ ಬೀರಮ್ಮನ್ನ ಕರ್ಕೊಂಬಾ, ಓಡು!”

ಮಧ್ಯಾಹ್ನದ ಹೊತ್ತಿಗೆ ಒಳಮನೆಯಲ್ಲಿ ಹೆಣ್ಣುಮಗು ಅತ್ತಿತು. ಬೀರಮ್ಮ ಹೊರಗೆ ತಂದ ಕೂಸಿನ ಕೈಕಾಲುಗಳನ್ನು ಪುಟ್ಟಮಾದಯ್ಯ ಮೆಲ್ಲಗೆ ಸವರಿದ.

“ಒಂದೂ ಸೊಟ್ಟಗಿಲ್ಲ ಬುಡು,” ಎಂದು ಚಲುವರಾಜುವಿನ ಬೆನ್ನು ತಟ್ಟಿ, ಬೀದಿಗೆಲ್ಲ ಬೆಲ್ಲ ಹಂಚಲು ತಾನೇ ಹೊರಟ.