ಮೂವತ್ತರ ಒಳಗಿನವರಿಗೆ ಮಾತ್ರ

ಕಾಪುವಿನ ಗ್ಲೋರಿಯಾ ಟಿವಿಯಲ್ಲಿ ಕೂರುವ ಕನಸು ಕಂಡವಳಲ್ಲ. ಉಡುಪಿಯ ತೆಂಕಗಾಳಿ ಕೇಬಲ್ ವಾಹಿನಿಗೆ ಅವಳು ಸೇರಿದ್ದೇ ಬೈಗುಳ ತಿನ್ನುವ ಕೆಲಸಕ್ಕೆ. ಮಳೆಗೆ ತಂತಿ ಕಡಿದರೆ ಊರವರು ಫೋನ್ ಮಾಡಿ ಬೈಯುತ್ತಿದ್ದರು, ಕೇಳಿಸಿಕೊಳ್ಳುವುದು ಇವಳ ಪಾಲಿಗೆ. ಬೈಯಲು ಶುರುಮಾಡಿದವರು ಫೋನ್ ಇಡುವ ಹೊತ್ತಿಗೆ ಮಗಳ ಮದುವೆಗೆ ಕರೆಯುತ್ತಿದ್ದರು, ಅಂಥ ನಾಲಗೆ ಇವಳದು! ನಿರೂಪಕಿ ಕೈಕೊಟ್ಟ ಒಂದು ದಿನ ಯಜಮಾನ ಗಣಪಣ್ಣ ಇವಳನ್ನೇ ಕ್ಯಾಮೆರಾದ ಎದುರು ಕೂರಿಸಿದರು.

"ಎಂತ ಮಾತಾಡುವುದು ಗಣಪಣ್ಣ?"

"ದಿನಾ ಮಾತಾಡುವುದೇ. ಕೊನೆಗೆ ಒಂದು ಹಾಡು ಹಾಕು."

ಹಾಗೆ ಹುಟ್ಟಿದ್ದು 'ಮಧ್ಯಾಹ್ನದ ಮಾತು'. ಫೋನ್ ಮಾಡಿದವರ ಸುಖದುಃಖ ಕೇಳುವುದು, ಅವರು ಹೇಳಿದ ಹಾಡು ಹಾಕುವುದು, ಅಷ್ಟೇ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ "ಎಂತಕ್ಕೆ? ದಿನಾ ಇಷ್ಟು ಜನರ ಸಂಸಾರ ಸಾಕಾಗುವುದಿಲ್ವಾ?" ಎನ್ನುತ್ತಿದ್ದಳು. ಆ ಕುರ್ಚಿಯಲ್ಲೇ ಅವಳ ಕೂದಲು ಬೆಳ್ಳಗಾಯಿತು.

ಕಳೆದ ವರ್ಷ ಗಣಪಣ್ಣ ತೀರಿಕೊಂಡರು. ಮಗ ಯಶ್ವಂತ್ ಬಂದು ಕೂತ. ಚಿಕ್ಕವನಿದ್ದಾಗ ಇವಳ ಬ್ಯಾಗಿನಿಂದ ಚಕ್ಕುಲಿ ಕದ್ದು ತಿಂದವನು, ಗ್ಲೋರಿಯಾಕ್ಕ ಗ್ಲೋರಿಯಾಕ್ಕ ಎಂದು ಸೆರಗು ಹಿಡಿದವನು, ಈಗ "ಮೇಡಂ" ಎನ್ನತೊಡಗಿದ. ತೆಂಕಗಾಳಿ ಹೋಗಿ ವಾಹಿನಿಯ ಹೆಸರು 'ಟಿಜಿ ಎಕ್ಸ್' ಆಯಿತು. ಗೋಡೆಗೆ ನೇರಳೆ ಬಣ್ಣ ಬಳಿದರು. 'ಮಧ್ಯಾಹ್ನದ ಮಾತು' ಇದ್ದದ್ದು 'ಚಿಲ್ ಟೈಮ್' ಆಯಿತು. ಕಾರ್ಕಳದ ಕಡೆ ಗಾಳಿ ಬೀಸಿದರೆ ಪರದೆ ಕಪ್ಪಾಗುವ ಕಾಯಿಲೆ ಮಾತ್ರ ಹಾಗೆಯೇ ಉಳಿಯಿತು. ಅದನ್ನು ಸರಿಮಾಡುವುದು ಬಿಟ್ಟು ಯಶ್ವಂತ್, ಫೋನ್ ಮಾಡುವ ಮುದುಕರಿಂದಲೇ ಚಾನೆಲ್ ಹಾಳಾಯಿತು ಎಂದ. ಕುಣಿಯಲಾರದವನಿಗೆ ನೆಲ ಡೊಂಕು.

"ಮೇಡಂ, ಇನ್ನು ಮೂವತ್ತರ ಒಳಗಿನವರ ಕರೆ ಮಾತ್ರ. ಮೊದಲು ವಯಸ್ಸು ಕೇಳಿ. ಜಾಸ್ತಿ ಇದ್ದರೆ ನೆಟ್‌ವರ್ಕ್ ಸರಿ ಇಲ್ಲ ಅಂತ ಕಟ್ ಮಾಡಿ. ಹದಿನೈದು ದಿನದಲ್ಲಿ ಯೂತ್ ಬರದಿದ್ದರೆ ಪ್ರೋಗ್ರಾಂ ನಿಲ್ಲಿಸುವ. ನೀವು ಕಂಪ್ಲೇಂಟ್ ಸೆಕ್ಷನ್ನಿಗೆ ಹೋದರಾಯ್ತು. ಮತ್ತೆ ಆ ಕೂದಲಿಗೆ ಸ್ವಲ್ಪ ಡೈ ಹಾಕಿ."

ಮೊದಲ ದಿನದ ಮೊದಲ ಕರೆಯೇ ಹೂಡೆಯ ಸುಂದರಿಯದು. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ಬಂದು, ಕೈ ತೊಳೆದು ಫೋನ್ ಮಾಡುವ ಹೆಂಗಸು.

"ಗ್ಲೋರಿಯಾ ಬಾಯಮ್ಮ, ಇವತ್ತು ಬಂಗುಡೆ ಒಳ್ಳೆದಿತ್ತು ಮಾರಾಯ್ತಿ."

"ಸುಂದರಿಯಕ್ಕ, ನಿಮ್ಮ ವಯಸ್ಸೆಷ್ಟು?"

"ಅರವತ್ತೆಂಟು. ಎಂತಕ್ಕೆ?"

ಕಿವಿಯೊಳಗಿನ ಇಯರ್‌ಫೋನಿನಲ್ಲಿ ಯಶ್ವಂತನ ದನಿ, "ಕಟ್ ಮಾಡಿ." ಗ್ಲೋರಿಯಾ ನೆಟ್‌ವರ್ಕ್ ಸರಿ ಇಲ್ಲ ಎಂದು ಹೇಳಿ ಕಟ್ ಮಾಡಿದಳು. ಕಾಪುವಿಗೆ ಹೋಗುವ ಬಸ್ಸಿನಲ್ಲಿ ಕೂತಾಗ ಅವಳ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ವರ್ಷ ಯಾರ ಮಾತನ್ನೂ ಅರ್ಧಕ್ಕೆ ನಿಲ್ಲಿಸಿದವಳಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಸುಂದರಿ ಏನು ದಡ್ಡಳೇ? ನೆಟ್‌ವರ್ಕಿನ ಮೇಲೆ ಗೂಬೆ ಕೂರಿಸಿದ್ದು ಅವಳಿಗೆ ಅರ್ಥವಾಗಿತ್ತು. ಮರುದಿನ ಮತ್ತೆ ಫೋನ್ ಬಂತು.

"ವಯಸ್ಸೆಷ್ಟು?" ಗ್ಲೋರಿಯಾ ಹೆದರುತ್ತಲೇ ಕೇಳಿದಳು.

"ಹತ್ತೊಂಬತ್ತು."

ಇಯರ್‌ಫೋನಿನಲ್ಲಿ 'ಕಟ್ ಮಾಡಿ' ಎನ್ನುವವರಿರಲಿಲ್ಲ, ಯಶ್ವಂತ್ ಜಾಹೀರಾತು ಹುಡುಕಿಕೊಂಡು ಹೊರಗೆ ತಿರುಗತೊಡಗಿದ್ದ. ಗ್ಲೋರಿಯಾ ಮುಖ ಸಡಿಲಿಸದೆ ಕೇಳಿದಳು, "ಯಾವ ಕಾಲೇಜು?"

"ಮಲ್ಪೆ ಬಂದರು. ಬೆಳಿಗ್ಗೆ ಬೇಗ ಕ್ಲಾಸು."

ಅಷ್ಟು ಸಾಕಾಯಿತು. ಆಮೇಲೆ ಊರಿಗೆ ಊರೇ ಯೌವನಕ್ಕೆ ಬಂತು ನೋಡಿ. ಕುಕ್ಕುಂದೂರಿನ ಡೊಮಿನಿಕ್ ಮಾಮ, ಗಲ್ಫಿನಿಂದ ಹಿಂದಿರುಗಿ ತೋಟ ಮಾಡಿಕೊಂಡಿರುವವರು, "ನನಗೆ ಇಪ್ಪತ್ತೊಂದು" ಎಂದರು. "ಕುವೈತಿನಲ್ಲಿ ಮೂವತ್ತು ವರ್ಷ ಓದಿದೆ, ಪಾಸಾಗಲಿಲ್ಲ." ಬಜಗೋಳಿಯ ಅಜ್ಜಿಯೊಬ್ಬರಿಗೆ ಹದಿನೆಂಟಂತೆ, ಮನೆಯಲ್ಲಿ ಗಂಡು ನೋಡುತ್ತಿದ್ದಾರಂತೆ. ಹಿಂದಿನಿಂದ ಮೊಮ್ಮಗು ಅಳುವುದು ಕೇಳುತ್ತಿತ್ತು. "ಅದು ಯಾರು?" ಎಂದರೆ "ತಮ್ಮ" ಎಂದರು. ಆ ಅಜ್ಜಿಯ ತುಣುಕು ವಾಟ್ಸಾಪಿನಲ್ಲಿ ಎಲ್ಲ ಕಡೆ ಓಡಾಡಿ ಯಶ್ವಂತನ ಮೊಬೈಲಿಗೂ ಬಂತು.

ಅವನು ಗ್ಲೋರಿಯಾಳನ್ನು ಕರೆಸಿದ. "ನನ್ನನ್ನು ಮಂಗ ಮಾಡ್ತಿದ್ದೀರಾ? ನಾಳೆ ಮಣಿಪಾಲದ ಹೋಟೆಲಿನಲ್ಲಿ ಜಾಹೀರಾತು ಕೊಡುವವರನ್ನು ಕೂರಿಸಿ ಈ ಪ್ರೋಗ್ರಾಂ ಲೈವ್ ತೋರಿಸ್ತೇನೆ. ನಾಳೆ ಒಂದು ಮುದಿ ದನಿ ಕೇಳಿದರೂ ಅದೇ ಕೊನೆ."

"ನನ್ನ ದನಿ ಯಾವ ಲೆಕ್ಕಕ್ಕೆ ಯಶ್ವಂತ್?" ಎಂದು ಕೇಳಿದಳು ಗ್ಲೋರಿಯಾ. ಅವನು ಮೊಬೈಲು ನೋಡುತ್ತ ಕೂತ.

ಮರುದಿನ ಅವಳು ಯಶ್ವಂತನ ಮಾತಿಗೆ ಹಾಕಿದ್ದ ಡೈ ತೊಳೆದುಕೊಂಡು ಬಂದಳು. ಸಂಪೂರ್ಣ ಹೋಗಿರಲಿಲ್ಲ, ಅಲ್ಲಲ್ಲಿ ಕಂದು ಉಳಿದಿತ್ತು, ಇರಲಿ. ತನ್ನ ಮೊಬೈಲು ಆಫ್ ಮಾಡಿದಳು. ಕ್ಯಾಮೆರಾದ ಕೆಂಪು ದೀಪ ಹತ್ತಿದ್ದೇ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು.

"ನಮಸ್ಕಾರ. ನಾನು ಗ್ಲೋರಿಯಾ, ನನಗೆ ಐವತ್ತೇಳು. ಕೆಲವು ದಿನದಿಂದ ನಿಮ್ಮ ವಯಸ್ಸು ಕೇಳ್ತಾ ಇದ್ದೆ. ಹೂಡೆಯ ಸುಂದರಿಯಕ್ಕನ ಮಾತು ನಡುವೆಯೇ ಕಡಿದೆ. ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಇನ್ನು ಇಲ್ಲಿ ಯಾರ ವಯಸ್ಸನ್ನೂ ಕೇಳುವುದಿಲ್ಲ. ಈ ಕುರ್ಚಿಯಲ್ಲಿ ನನಗೆ ಇವತ್ತೇ ಕೊನೆಯಾದರೂ ಸರಿ, ಕೇಳುವುದಿಲ್ಲ. ಫೋನ್ ಮಾಡಿ."

ಫೋನ್ ರಿಂಗಾಯಿತು.

"ಹಲೋ, ಯಾರು, ಎಲ್ಲಿಂದ?"

"ಗ್ಲೋರಿಯಾಕ್ಕ, ನಾನು." ತಗ್ಗಿದ ದನಿ, ಹಿಂದಿನಿಂದ ಹೋಟೆಲಿನ ತಟ್ಟೆ ಚಮಚದ ಸದ್ದು. ಇಯರ್‌ಫೋನ್ ಇಲ್ಲ, ಇವಳ ಮೊಬೈಲು ಆಫ್, ಜಾಹೀರಾತಿನವರ ಎದುರು ಪರದೆ ಕಪ್ಪು ಮಾಡುವ ಹಾಗೂ ಇಲ್ಲ, ಪಾಪ, ಅವನಿಗೆ ಬೇರೆ ದಾರಿಯೇ ಇರಲಿಲ್ಲ. "ಯಶ್ವಂತ್. ಸಾಕು, ಒಂದು ಹಾಡು ಹಾಕಿ ನಿಲ್ಲಿಸಿ."

ಇಡೀ ಜಿಲ್ಲೆ ಕೇಳುತ್ತಿತ್ತು. ಗ್ಲೋರಿಯಾ ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡಳು.

"ಒಬ್ಬರಲ್ಲಿ ಮಾತ್ರ ಕೇಳ್ತೇನೆ, ನಿಯಮ ಮಾಡಿದವರಲ್ಲಿ. ವಯಸ್ಸೆಷ್ಟು ಸರ್?"

ಅವನು ಎದ್ದು ಬಾಗಿಲಾಚೆ ಹೋದನೇನೋ, ಚಮಚದ ಸದ್ದು ದೂರವಾಯಿತು.

"ನಲವತ್ತೆರಡು," ಎಂದ.

"ಕ್ಷಮಿಸಿ ಸರ್. ಮೂವತ್ತರ ಒಳಗಿನವರಿಗೆ ಮಾತ್ರ." ಫೋನ್ ಇಟ್ಟಳು.

ಇಟ್ಟ ಮೇಲೆ ಒಂದು ಗಳಿಗೆ ಬೇಸರವಾಯಿತು. ಎಷ್ಟಾದರೂ ಗಣಪಣ್ಣನ ಮಗ. ಆದರೂ ಫೋನಿನ ಮೇಲಿಂದ ಕೈ ತೆಗೆಯದೆ ಮುಂದಿನ ಕರೆಗೆ ಕಾದು ಕೂತಳು. ಆಗಲೇ ಮತ್ತೆ ರಿಂಗಾಯಿತು.

"ಹಲೋ, ಯಾರು?"

"ಲಕ್ಷಿತ್. ಮಣಿಪಾಲದ ಹಾಸ್ಟೆಲಿನಿಂದ." ಮೀಸೆ ಮೂಡುತ್ತಿರುವ ಹುಡುಗನ ಗಂಟಲು. ಹಿಂದೆ ಹತ್ತಾರು ಹುಡುಗರು ನಗು ತಡೆಯುವ ಗುಸುಗುಸು. "ನೀವು ಕೇಳಲಿಲ್ಲ, ಆದ್ರೂ ಹೇಳ್ತೇನೆ. ನನಗೆ ಎಪ್ಪತ್ತೆರಡು. ಮಾತಾಡಬಹುದು ಅಲ್ವಾ?"

ಗ್ಲೋರಿಯಾಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

"ಧಾರಾಳ ಮಾತಾಡಿ ಅಜ್ಜ," ಎಂದಳು. "ಊಟ ಆಯ್ತಾ?"