ನಮ್ಮವರ ಮಾತು ಕೊನೆಗೆ

"ಮೊದ್ಲು ನಮ್ಮೋರ ವಿಷ್ಯ ಹೇಳ್ಬಿಡು ಡೋರೀನ್. ಇವತ್ತು ನಾನು ಅರ್ಧಕ್ಕೇ ಎದ್ದು ಹೋಗೋನು," ಎನ್ನುತ್ತಾ ಎಮಿಟ್ ಡೋಬೆಕ್ ತಮ್ಮ ಎಡತೋಳನ್ನು ಕುರ್ಚಿಯ ಹಿಡಿಯ ಮೇಲೆ ಚಾಚುತ್ತಾರೆ.

"ನಮ್ಮೋರು ಕೊನೇಗೆ. ರೂಲು ಗೊತ್ತಲ್ಲ. ಮುಷ್ಟಿ ಹಿಡಿ."

"ಯಾರು ಮಾಡಿದ್ದು ಆ ರೂಲು?"

"ನಾನೇ. ಉಸಿರು ಎಳ್ಕೋ, ಚುಚ್ತಿದೀನಿ."

ಸೂಜಿ ಒಳಗೆ ಹೋಗುತ್ತದೆ. ಎಮಿಟ್ ಮುಖ ಕಿವುಚುವುದಿಲ್ಲ. ಎರಡನೇ ಸೂಜಿಗೆ ಮಾತ್ರ ಕಣ್ಣು ಮುಚ್ಚುತ್ತಾರೆ. ಪಕ್ಕದ ಯಂತ್ರ ತಿರುಗತೊಡಗಿ, ಸಣ್ಣ ಕೊಳವೆಯಲ್ಲಿ ಕೆಂಪು ಏರುತ್ತದೆ.

ಸೋಮವಾರ. ಹೊರಗೆ ಇನ್ನೂ ಕತ್ತಲು ಹರಿದಿಲ್ಲ. ಎರೀ ಸರೋವರದ ದಂಡೆಯ ಮಾರ್ಲೋ ಹಾರ್ಬರ್‌ನಲ್ಲಿ ಹಿಮ ತಳ್ಳುವ ಲಾರಿ ದಿನಸಿ ಅಂಗಡಿಯ ಮುಂದೆ ನೆಲ ಕೆರೆಯುತ್ತಿದೆ. ಅಂಗಡಿಯ ಹಿಂಬದಿಗೆ ಡಯಾಲಿಸಿಸ್ ಕೇಂದ್ರ. ಹನ್ನೆರಡು ಕುರ್ಚಿ, ಹನ್ನೆರಡು ಯಂತ್ರ, ಹನ್ನೆರಡು ಕಂಬಳಿ. ಮೈಯಿಂದ ಹೊರಗೆ ಹೋದ ರಕ್ತ ತಣ್ಣಗಾಗಿ ವಾಪಸ್ ಬರುವುದರಿಂದ ಇಲ್ಲಿ ಎಲ್ಲರಿಗೂ ಚಳಿ. ಕಂಬಳಿಗಳೆಲ್ಲ ನಮ್ಮ ಫುಟ್‌ಬಾಲ್ ತಂಡದ ಬಣ್ಣದವು, ಒಂದನ್ನು ಬಿಟ್ಟು. ಅದು ಮಿಸೆಸ್ ಫಾಂಟೇನ್ ಅವರದು. ನಮ್ಮೂರ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಲೇ ಮುದುಕಿಯಾದವರು, ಆದರೆ ಹುಟ್ಟಿದ್ದು ಓಹಾಯೋದಲ್ಲಿ. ಊರು ಬಿಟ್ಟರೂ ಊರಿನ ತಂಡ ಬಿಟ್ಟಿಲ್ಲ.

ಐವತ್ತು ದಾಟಿದ ಡೋರೀನ್ ಕ್ರುಪಾ ಇಲ್ಲಿ ಟೆಕ್ನಿಷಿಯನ್. ನಸುಕಿನಲ್ಲಿ ಬಂದು ನೀರಿನ ಶುದ್ಧಿ ಪರೀಕ್ಷಿಸಬೇಕು, ದ್ರಾವಣದ ಭಾರದ ಕ್ಯಾನುಗಳನ್ನು ಎತ್ತಿ ಯಂತ್ರಗಳಿಗೆ ಹೊಂದಿಸಬೇಕು, ಸೂಜಿ ಹಾಕಬೇಕು, ರಕ್ತದೊತ್ತಡ ನೋಡುತ್ತಿರಬೇಕು, ಎಲ್ಲ ಮುಗಿದ ಮೇಲೆ ಕುರ್ಚಿ ಒರೆಸಬೇಕು. ಇದಲ್ಲದೆ ಯಾರೂ ಒಪ್ಪಿಸದ ಇನ್ನೊಂದು ಕೆಲಸವೂ ಇದೆ. ಸೆಪ್ಟೆಂಬರ್‌ನಿಂದ ಜನವರಿಯವರೆಗೆ, ಆ ವಾರ ದೇಶದಲ್ಲೆಲ್ಲ ನಡೆದ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಪಂದ್ಯಗಳ ಬಗ್ಗೆ ಸೋಮವಾರ ಬೆಳಿಗ್ಗೆ ತೀರ್ಪು ಕೊಡುವುದು. ಗೆದ್ದವರು ಯಾರೆಂದು ಕುರ್ಚಿಯಲ್ಲಿ ಕೂತವರಿಗೆಲ್ಲ ಗೊತ್ತೇ ಇರುತ್ತದೆ. ಗೆಲ್ಲುವ ಯೋಗ್ಯತೆ ಅವರಿಗಿತ್ತೇ ಎನ್ನುವುದನ್ನು ಡೋರೀನ್ ಹೇಳಬೇಕು.

ಗುರುವಾರದ ಆಟದಿಂದ ಶುರು. ಒಂದು ಕೈ ಮಿಸೆಸ್ ಫಾಂಟೇನ್ ಅವರ ನಾಡಿಯ ಮೇಲೆ, ಕಣ್ಣು ಯಂತ್ರದ ಮೇಲೆ, ದನಿ ಇಡೀ ಕೋಣೆಗೆ.

"ಗುರುವಾರ ಆಟ ಇಟ್ಟೋನಿಗೆ ಮನುಷ್ಯತ್ವ ಇಲ್ಲ. ಭಾನುವಾರ ತಿಂದ ಏಟು ಇನ್ನೂ ನೀಲಿಗಟ್ಟಿರತ್ತೆ, ಆಗ್ಲೇ ಮತ್ತೆ ಡಿಕ್ಕಿ ಹೊಡೀರಿ ಅಂತಾರೆ. ಆ ಫ್ಲಾರಿಡಾದೋರು ಓಡ್ತಿದ್ರಾ ಅದು? ನಮ್ಮತ್ತೆ ಮೆಟ್ಲು ಇಳಿಯೋ ಹಾಗೆ ಇಳೀತಿದ್ರು."

"ನಿಮ್ಮತ್ತೆ ಇನ್ನೂ ಇದಾರಾ?" ಕಿಟಕಿ ಪಕ್ಕದ ಕುರ್ಚಿಯಿಂದ ಒಂದು ದನಿ.

"ಇದಾರೆ. ಫ್ಲಾರಿಡಾದೋರಿಗಿಂತ ಗಟ್ಟಿಯಾಗಿದಾರೆ."

ಆಮೇಲೆ ಟೆಕ್ಸಸ್. ಚೆಂಡು ಎಸೆಯುವ ಅವರ ಕ್ವಾರ್ಟರ್‌ಬ್ಯಾಕ್ ಮೇಲೆ ಡೋರೀನ್‌ಗೆ ಎಂದೂ ಒಳ್ಳೆಯ ಅಭಿಪ್ರಾಯವಿಲ್ಲ. "ಎಸೆಯೋಕೆ ಮುಂಚೆ ಕ್ಯಾಮೆರಾ ಎಲ್ಲಿದೆ ಅಂತ ನೋಡ್ಕೋತಾನೆ. ಗೆದ್ರು, ಇಲ್ಲ ಅನ್ನಲ್ಲ. ಗೆಲ್ಸಿದ್ದು ಅವನ ಮುಂದೆ ನಿಂತು ಗುದ್ದು ತಿಂದ ಆ ಐದು ಜನ ದಡಿಯರು. ಎಲ್ಲಿ, ಅವರಲ್ಲಿ ಒಬ್ಬನ ಹೆಸ್ರು ಹೇಳ್ರಿ ನೋಡೋಣ?"

"ಒಬ್ಬಂದು ನಾಲಗೆ ತುದೀಲಿದೆ," ಎನ್ನುತ್ತಾರೆ ಎಮಿಟ್. "ನನ್ನ ಹಲ್ಲಿನ ಡಾಕ್ಟ್ರ ಹೆಸ್ರೇ ಅವಂದೂ."

"ಹಲ್ಲಿನ ಡಾಕ್ಟ್ರ ಹೆಸ್ರು ಹೇಳಪ್ಪ ಹಾಗಾದ್ರೆ."

"ಅದೂ ಮರ್ತೋಯ್ತು."

ಓಹಾಯೋ ಸರದಿ ಬಂದಾಗ ಮಿಸೆಸ್ ಫಾಂಟೇನ್ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಳ್ಳುತ್ತಾರೆ. "ಗೆದ್ದಿದ್ದು ನಿಮ್ಮೋರಲ್ಲ ಮಿಸೆಸ್ ಫಾಂಟೇನ್, ಎದುರಾಳಿ ತಪ್ಪು ಮಾಡ್ದ ಅಂತ ರೆಫರಿ ಎಸೆದ ಹಳದಿ ಬಟ್ಟೆ," ಎಂದು ಡೋರೀನ್ ಅನ್ನುವಷ್ಟರಲ್ಲಿ ಮುದುಕಿಯ ಉತ್ತರ ಸಿದ್ಧ: "ಬಟ್ಟೆ ಸುಮ್ನೆ ಬೀಳತ್ತಾ ತಾಯಿ? ಆ ಎದುರಾಳಿ ನಮ್ಮ ಹುಡುಗನ ಅಂಗಿ ಹಿಡ್ಕೊಂಡು ಮದುವೆ ಮನೇಲಿ ಕುಣಿಯೋ ಹಾಗೆ ಕುಣೀತಿದ್ದ."

ಡೋರೀನ್ ಒಪ್ಪುವುದಿಲ್ಲ. ಯಾರನ್ನೂ ಖುಷಿಪಡಿಸಲು ಅವರು ತೀರ್ಪು ಬದಲಿಸಿದ್ದನ್ನು ಇಲ್ಲಿ ಯಾರೂ ಕಂಡಿಲ್ಲ.

ಊರ ಅಂಚಿನ ಬ್ರೆಡ್ ಕಾರ್ಖಾನೆ ಮುಚ್ಚಿದಾಗ ಡೋರೀನ್ ಈ ಕೆಲಸ ಕಲಿತರು. ಮೊದಲ ವಾರವೇ ರಕ್ತ ನೋಡಿ ತಲೆ ಸುತ್ತಿ ಬಿದ್ದಿದ್ದರಂತೆ. "ಬನ್ನು ಎಣಿಸ್ಕೊಂಡಿದ್ದೋಳು ನಾನು. ರೋಗಿಗಳೇ ನಂಗೆ ನೀರು ಕೊಡ್ಸಿದ್ರು," ಎಂದು ನಗುತ್ತಾರೆ. ಒಂದು ಶರತ್ಕಾಲ, ಕುರ್ಚಿಗಳ ಮುಂದಿನ ಟಿವಿಗಳೆಲ್ಲ ಕೆಟ್ಟು ಕೂತವು. ನಾಲ್ಕು ಗಂಟೆ ಹೊತ್ತು ಛಾವಣಿ ನೋಡುತ್ತಾ ಕೂರುವುದು ಯಾರಿಗೂ ಆಗಲಿಲ್ಲ. ನಿನ್ನೆಯ ಆಟ ಹೇಗಿತ್ತು ಎಂದು ಯಾರೋ ಕೇಳಿದರು, ಇವರು ಹೇಳಿದರು. ಟಿವಿ ರಿಪೇರಿಯಾಗಿ ಬಂದ ಮೇಲೂ ಸೋಮವಾರ ಯಾರೂ ಕಿವಿಗೆ ಹೆಡ್‌ಫೋನ್ ಹಾಕಲಿಲ್ಲ. ಇವರೆಲ್ಲ ವಾರಕ್ಕೆ ಮೂರು ಸಲ ಬರುವವರು: ಬುಧವಾರ ಹಿಂದಿನ ಸೋಮವಾರ ರಾತ್ರಿಯ ಆಟದ ಸರದಿ, ಶುಕ್ರವಾರ ಮುಂದಿನ ಭಾನುವಾರದ ಭವಿಷ್ಯ. ಭವಿಷ್ಯ ಸುಳ್ಳಾದಾಗ ಬೈಸಿಕೊಳ್ಳುವುದೂ ಇದೆ.

ನಮ್ಮ ತಂಡದ ಮಾತು ಕಡೆಯ ಅರ್ಧ ಗಂಟೆಗೆ ಎನ್ನುವ ನಿಯಮ ಆಮೇಲೆ ಹುಟ್ಟಿದ್ದು. ಮೊದಮೊದಲು ಎಲ್ಲರೂ ಕೇಳುತ್ತಾರೆಂದು ಡೋರೀನ್ ಅದನ್ನೇ ಮೊದಲು ಹೇಳುತ್ತಿದ್ದರು. ಕೇಳಿ ಮುಗಿದೊಡನೆ ಒಬ್ಬೊಬ್ಬರಾಗಿ, "ಸಾಕು, ಬಿಚ್ಚು," ಎನ್ನತೊಡಗಿದರು. ಕಾಲು ಸೆಳೆಯುತ್ತದೆ, ಬೇಸರ ಬರುತ್ತದೆ, ಎದ್ದುಬಿಡಬೇಕೆನಿಸುತ್ತದೆ. ಎದ್ದರೆ ತೆಗೆಯಬೇಕಾದ ನೀರು ಮೈಯಲ್ಲೇ ಉಳಿಯುತ್ತದೆ, ಉಳಿದದ್ದು ಒಂದು ದಿನ ಎದೆಗೇರುತ್ತದೆ. ಕಾಗದಕ್ಕೆ ಸಹಿ ಹಾಕಿ ಎದ್ದು ಹೋಗುವ ಹಕ್ಕು ಮಾತ್ರ ಎಲ್ಲರಿಗೂ ಇದೆ. "ಬಾಗಿಲಿಗೆ ಬೀಗ ಹಾಕೋಕಾಗಲ್ಲ. ನನ್ನ ಬಾಯಿಗೆ ಹಾಕ್ಕೋಬಹುದು," ಎನ್ನುತ್ತಾರೆ ಡೋರೀನ್.

ಈಗ ಅವರ ಚಿಂತೆಯೆಲ್ಲ ಎಮಿಟ್ ಡೋಬೆಕ್ ಮೇಲೆ. ಸರೋವರದ ಅದಿರು ಹಡಗುಗಳಲ್ಲಿ ಅಡುಗೆ ಮಾಡಿಕೊಂಡಿದ್ದ ಮನುಷ್ಯ, ಒಂದೆಡೆ ಕೂತು ಅಭ್ಯಾಸವಿಲ್ಲ. ಈಚೆಗೆ ಅರ್ಧಕ್ಕೇ ಎದ್ದು ಹೋಗುವುದು ರೂಢಿಯಾಗಿದೆ. ಹೋದ ವಾರ ಎದೆಗೆ ನೀರೇರಿ ಆಂಬುಲೆನ್ಸ್‌ನಲ್ಲಿ ಹೋದರು. ಇನ್ನೊಮ್ಮೆ ಹೀಗಾದರೆ ಉಳಿಸುವುದು ಕಷ್ಟವೆಂದು ಡಾಕ್ಟರು ಮುಖಕ್ಕೇ ಹೇಳಿದ್ದಾರೆ. ಎಮಿಟ್ ತಲೆಯಾಡಿಸಿದ್ದಾರೆ, ಅಷ್ಟೇ.

ಇಲ್ಲಿ ಒಂದು ಕುರ್ಚಿ ಖಾಲಿಯಿದ್ದರೆ ಯಾರೂ ಕೇಳುವುದಿಲ್ಲ. ಎಲ್ಲರೂ ಡೋರೀನ್‌ರ ಮುಖ ನೋಡುತ್ತಾರೆ, ಅಷ್ಟೇ. ಸ್ವಲ್ಪ ದಿನಕ್ಕೆ ಆ ಕುರ್ಚಿಗೆ ಹೊಸಬರು ಬರುತ್ತಾರೆ. "ಹೊಸಬ್ರು ಬಂದ್ರೆ ಮೊದ್ಲು ಯಾವ ತಂಡ ಅಂತ ಕೇಳ್ತೀನಿ, ಹೆಸ್ರು ಆಮೇಲೆ," ಎನ್ನುವ ಡೋರೀನ್ ಹೋದವರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಅವರ ಯಾವ ವಾದ ಇನ್ನೂ ಬಾಕಿಯಿದೆ ಎಂಬುದನ್ನು ಮಾತ್ರ ಹೇಳುತ್ತಾರೆ.

ಈ ಸೋಮವಾರ ಕೇಂದ್ರದ ಮಾಮೂಲು ನರ್ಸ್‌ಗೆ ಜ್ವರ. ಪಕ್ಕದೂರಿನ ಕೇಂದ್ರದಿಂದ ಗ್ಲೆಂಡಾ ಬಂದಿದ್ದಾರೆ. ನಗುಮುಖದ ಹೆಂಗಸು, ಹೊಸ ಜಾಗದಲ್ಲಿ ಎಲ್ಲರೊಂದಿಗೆ ಹೊಂದಿಕೊಳ್ಳಬೇಕೆಂಬ ಆಸೆ. ಯಂತ್ರ ಶುರುವಾಗಿ ಎರಡು ಗಂಟೆಯೂ ಆಗಿಲ್ಲ, ಎಮಿಟ್‌ರ ರಕ್ತದೊತ್ತಡ ಬರೆದುಕೊಳ್ಳುತ್ತಾ ಸ್ನೇಹದಿಂದ ಒಂದು ಮಾತು ಬಿಡುತ್ತಾರೆ:

"ನನ್ನ ಕೇಳಿದ್ರೆ, ನಿನ್ನೆ ನಮ್ಮೋರು ಒದ್ದು ಮೂರು ಅಂಕ ತಗೋಬೇಕಿತ್ತಪ್ಪ."

ಡೋರೀನ್ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಲ್ಲುತ್ತದೆ.

ಭಾನುವಾರ ಆಟ ಮುಗಿಯುವ ಹೊತ್ತಿಗೆ ನಮ್ಮವರು ಮೂರು ಅಂಕ ಹಿಂದಿದ್ದರು. ನಾಲ್ಕನೇ ಯತ್ನ, ಅದು ಕೈಕೊಟ್ಟರೆ ಚೆಂಡು ಎದುರಾಳಿಗೆ. ಮುನ್ನುಗ್ಗಲು ಬೇಕಿದ್ದದ್ದು ಒಂದೇ ಗಜ. ದೂರದಿಂದ ಕಂಬಗಳ ನಡುವೆ ಒದ್ದಿದ್ದರೆ ಆಟ ಸಮ. ಕೋಚ್ ಒದೆಸಲಿಲ್ಲ, ನುಗ್ಗಿಸಿದ. ನುಗ್ಗಿದವನು ಗೋಡೆಗೆ ಬಡಿದಂತೆ ಬಿದ್ದ. ನಮ್ಮೂರು ಭಾನುವಾರ ರಾತ್ರಿ ಸರಿಯಾಗಿ ಊಟ ಮಾಡಿಲ್ಲ.

"ಹಾಗೆ ಹೇಳಮ್ಮ!" ಎಮಿಟ್ ಸೂಜಿ ಮರೆತು ಮೇಲೇಳಹೋಗುತ್ತಾರೆ. "ನಿನ್ನೆಯಿಂದ ನಾನು ಗೋಡೆಗೆ ಹೇಳ್ತಿದೀನಿ ಇದನ್ನ!"

"ಒಂದು ಗಜ ಎಮಿಟ್! ಒಂದು ಗಜ ನುಗ್ಗೋಕಾಗ್ದೆ ಇರೋರು ತಂಡ ಯಾಕೆ ಕಟ್ಬೇಕು?" ಎಂದು ಕಿಟಕಿ ಪಕ್ಕದವರು. ಇನ್ಯಾರೋ ಕೋಚ್‌ನ ಟೋಪಿಯನ್ನು ಬೈಯುತ್ತಾರೆ. ಎಲ್ಲರೂ ಬೈದು, ಕೂಗಿ, ಎದೆಯಲ್ಲಿದ್ದುದನ್ನೆಲ್ಲ ಖಾಲಿ ಮಾಡುತ್ತಾರೆ. ಡೋರೀನ್ ಮಾತ್ರ ತುಟಿ ಬಿಚ್ಚುವುದಿಲ್ಲ. ಸದ್ದು ಅಡಗಿದಾಗ ಎಮಿಟ್ ತೃಪ್ತಿಯಿಂದ ಹಿಂದಕ್ಕೆ ಒರಗುತ್ತಾರೆ.

"ಸರಿ. ಮುಗೀತಲ್ಲ. ಬಿಚ್ಚು."

ಗ್ಲೆಂಡಾ ಮುಖ ಕೆಂಪಾಗುತ್ತದೆ. "ನಾನೇನಾದ್ರೂ ತಪ್ಪು ಮಾತಾಡಿದ್ನಾ?" ಎಂದು ಪಿಸುಗುಟ್ಟುತ್ತಾರೆ.

"ತಪ್ಪೇನಿಲ್ಲ. ಇಲ್ಲಿ ಅದನ್ನ ಕೊನೇಗೆ ಆಡ್ತೀವಿ, ಅಷ್ಟೇ," ಎಂದು ಡೋರೀನ್ ಕಾಗದ, ಪೆನ್ನು ತಂದು ಎಮಿಟ್ ಮಡಿಲಲ್ಲಿಡುತ್ತಾರೆ. "ಸಹಿ ಹಾಕು. ನಾನಿನ್ನೂ ನಂದು ಹೇಳಿಲ್ಲ, ನೆನಪಿರ್ಲಿ."

"ನಿಂದು ನಂಗೊತ್ತು. ನುಗ್ಗಿದ್ದು ಸರಿ ಅಂತೀಯ."

"ಇರಬಹುದು. ನೀನು ಹೋದ್ಮೇಲೆ ಹೇಳ್ತೀನಿ. ಎದುರು ನಿಂತು ಮಾತಾಡೋರು ಯಾರೂ ಇರಲ್ಲ. ಗ್ಲೆಂಡಾ ಹೊಸಬ್ಳು, ಎರಡು ಮಾತಿಗೆ ಸೋಲ್ತಾಳೆ."

"ಬುಧವಾರ ಬಂದು ನೋಡ್ಕೋತೀನಿ ನಿನ್ನ."

"ಬುಧವಾರಕ್ಕೆ ಇವತ್ತು ರಾತ್ರಿ ಆಟ ಇದೆ. ಹಳಸಿದ್ದು ನಾನು ಬಡಿಸಲ್ಲ."

ಎಮಿಟ್ ಪೆನ್ನು ಎತ್ತಿಕೊಳ್ಳುತ್ತಾರೆ. ಡೋರೀನ್ ತಡೆಯುವುದಿಲ್ಲ. ಸೂಜಿ ತೆಗೆಯಲು ಕೈಗವಸು ಬದಲಿಸುತ್ತಾರೆ. ಆಗ ಮಿಸೆಸ್ ಫಾಂಟೇನ್ ಕಣ್ಣು ತೆರೆಯದೆಯೇ ಮಾತಾಡುತ್ತಾರೆ.

"ಎಮಿಟ್, ಹೋದ ಬುಧವಾರ ನಿನ್ನ ಕುರ್ಚಿ ಖಾಲಿ ಇತ್ತು."

"ಗೊತ್ತು. ಇಲ್ದೇ ಇದ್ದೋನು ನಾನೇ ಅಲ್ವಾ?"

"ನಿಂಗೇನು ಗೊತ್ತು? ನೀನು ಆಸ್ಪತ್ರೇಲಿ ಮಲಗಿದ್ದೆ. ಪಕ್ಕದಲ್ಲಿ ಕೂತಿದ್ದೋಳು ನಾನು. ಅವತ್ತು ಡೋರೀನ್ ಆಟದ ಮಾತೇ ಎತ್ಲಿಲ್ಲ. ನಾವ್ಯಾರೂ ಕೇಳ್ಲೂ ಇಲ್ಲ."

ಯಂತ್ರಗಳು ತಿರುಗುತ್ತಿವೆ. ಡೋರೀನ್ ಯಾರ ಮುಖವನ್ನೂ ನೋಡದೆ ಒಂದು ಕೊಳವೆಯನ್ನು ಬೇಕಿಲ್ಲದಿದ್ದರೂ ನೇರ ಮಾಡುತ್ತಾರೆ. ಎಮಿಟ್ ಪೆನ್ನನ್ನು ಕಾಗದದವರೆಗೆ ಒಯ್ಯುತ್ತಾರೆ. ಆಮೇಲೆ ಎರಡನ್ನೂ ವಾಪಸ್ ಕೊಡುತ್ತಾರೆ.

"ಈ ಪೆನ್ನು ಬರೀತಿಲ್ಲ."

ಡೋರೀನ್ ಅದನ್ನು ಪರೀಕ್ಷಿಸಿ ನೋಡುವುದಿಲ್ಲ. ಜೇಬಿಗೆ ಹಾಕಿಕೊಳ್ಳುತ್ತಾರೆ.

ಉಳಿದ ಹೊತ್ತು ಸುಲಭವಾಗಿ ಕಳೆಯುವುದಿಲ್ಲ. ಎಮಿಟ್‌ರ ಮೀನಖಂಡ ಸೆಳೆದು ಕಲ್ಲಾಗುತ್ತದೆ. ಡೋರೀನ್ ತಮ್ಮ ಅಂಗೈಯನ್ನು ಅವರ ಅಂಗಾಲಿಗೆ ಒತ್ತಿ ನಿಲ್ಲುತ್ತಾರೆ, ಇವರದೇ ಮಂಡಿ ನೋಯುತ್ತಿದ್ದರೂ. ಬಯ್ಗುಳಗಳು ಬರುತ್ತವೆ, ಹಡಗಿನ ಬಯ್ಗುಳಗಳು. ಯಾರೂ ಬೇಸರಿಸುವುದಿಲ್ಲ. ಕ್ರೀಡಾಂಗಣದಲ್ಲಿ ಕೂತು ಆಟ ನೋಡುವ ಆಸೆಯಿಲ್ಲವೇ ಎಂದು ಕೇಳಿದರೆ ಡೋರೀನ್ ನಿಂತಲ್ಲಿಂದಲೇ ಹೇಳುತ್ತಾರೆ: "ಒಂದ್ಸಲ ಹೋಗಿದ್ದೆ. ಚಳಿ, ಮುಂದೆ ಕೂತೋನ ಟೋಪಿ ಬಿಟ್ರೆ ಏನೂ ಕಾಣ್ಲಿಲ್ಲ. ಒಂದು ಸೋಮವಾರ ಎಲ್ಲಾ ಹನ್ನೆರಡು ಜನ ಕೊನೇವರೆಗೂ ಕೂತ್ಕೊಂಡ್ರೆ ಸಾಕು. ಗೆಲ್ಲೋದು ಸೋಲೋದು ತಂಡದ ಹಣೆಬರಹ."

ಕಡೆಯ ಅರ್ಧ ಗಂಟೆ ಬರುತ್ತದೆ. ಹೊರಗೆ ಬೆಳಕಾಗಿದೆ. ಡೋರೀನ್ ಕೋಣೆಯ ನಡುವೆ ನಿಲ್ಲುತ್ತಾರೆ.

"ನುಗ್ಗಿದ್ದು ಸರಿ," ಎನ್ನುತ್ತಾರೆ. "ಸರೋವರದ ಗಾಳಿ ಎಡಗಡೆಯಿಂದ ಅಡ್ಡ ಬೀಸ್ತಿತ್ತು, ಒದೆಯೋ ಹುಡುಗ ಮೊದಲರ್ಧದಲ್ಲೇ ಅಷ್ಟೇ ದೂರದಿಂದ ತಪ್ಪಿಸಿದ್ದ. ಆದ್ರೆ ನುಗ್ಗಿಸಿದ ರೀತಿ ಇದೆಯಲ್ಲ, ಅದು ತಪ್ಪು. ಅದೇ ಆಳು, ಅದೇ ಸಂದಿ, ಇಡೀ ವರ್ಷ ಅದೇ. ನಮ್ಮನೆ ನಾಯಿಗೂ ಗೊತ್ತಿತ್ತು ಎಲ್ಲಿ ಬರ್ತಾನೆ ಅಂತ. ಧೈರ್ಯ ಇತ್ತು ಕೋಚ್‌ಗೆ, ಬುದ್ಧಿ ಇರ್ಲಿಲ್ಲ."

"ಗಾಳಿ ಅಂತೆ ಗಾಳಿ!" ಎಮಿಟ್ ಕಂಬಳಿ ಕಿತ್ತೊಗೆಯುತ್ತಾರೆ. "ಮೂವತ್ತು ವರ್ಷ ಆ ಗಾಳೀಲಿ ಸಾರು ಚೆಲ್ದೆ ಬಡಿಸಿದೀನಿ ನಾನು. ಎಡಗಡೆ ಕಂಬದ ಹೊರಗೆ ಗುರಿಯಿಟ್ಟು ಒದ್ದಿದ್ರೆ ಗಾಳೀನೇ ಒಳಗೆ ತರ್ತಿತ್ತು!"

"ಆ ಹುಡುಗ ಗುರಿಯಿಟ್ಟ ಕಡೆ ಒದೀತಾನೆ ಅಂತ ನಿಂಗ್ಯಾರು ಹೇಳಿದ್ದು?"

"ಕಲಿಸ್ಬೇಕಿತ್ತು! ಕೋಚ್ ಇರೋದ್ಯಾಕೆ?"

"ಅವನ ಕಾಲಿಗೂ ನೀನೇ ಕೋಚ್ ಆಗ್ಬಿಡು ಹಾಗಾದ್ರೆ."

ಎಮಿಟ್‌ರ ಯಂತ್ರ ಸಣ್ಣಗೆ ಹಾಡುತ್ತದೆ. ಪೂರ್ತಿ ಆಯಿತು ಎಂದರ್ಥ. ಡೋರೀನ್ ಸೂಜಿ ತೆಗೆಯಲು ಬಗ್ಗುತ್ತಾರೆ.

"ತಡಿ," ಎನ್ನುತ್ತಾರೆ ಎಮಿಟ್, ಕೈ ಅಡ್ಡ ಹಿಡಿದು. "ನಂದಿನ್ನೂ ಮುಗಿದಿಲ್ಲ."

"ಮುಗ್ಸು."

ಮುಗಿಸುತ್ತಾರೆ. ಸೂಜಿ ತೆಗೆದ ಜಾಗಕ್ಕೆ ಬಟ್ಟೆ ಒತ್ತಿ, ರಕ್ತ ನಿಂತ ಮೇಲೆ ಪಟ್ಟಿ ಅಂಟಿಸಿ ಡೋರೀನ್ ಅವರನ್ನು ಬಾಗಿಲವರೆಗೆ ಬಿಡುತ್ತಾರೆ, ಒಡನೆಯೇ ಒಳಗೆ ಬಂದು ಮುಂದಿನವರಿಗಾಗಿ ಕುರ್ಚಿ ಒರೆಸತೊಡಗುತ್ತಾರೆ. ಕಿಟಕಿಯಾಚೆ, ಮನೆಗೆ ಕರೆದೊಯ್ಯುವ ವ್ಯಾನಿನ ಪಕ್ಕ ಎಮಿಟ್ ನಿಂತಿದ್ದಾರೆ. ಪಟ್ಟಿಯಿಲ್ಲದ ಕೈಯನ್ನು ಎತ್ತಿ, ಗಾಳಿಯಲ್ಲಿ ಎಡದಿಂದ ಒಳಕ್ಕೆ ಒಂದು ದೊಡ್ಡ ಬಾಗು ಗೀಚುತ್ತಾರೆ. ವ್ಯಾನಿನ ಡ್ರೈವರ್ ಬಾಗಿಲು ಹಿಡಿದುಕೊಂಡೇ, ಚೆಂಡು ಹೋದ ದಾರಿಗೆ ತಲೆ ತಿರುಗಿಸಿ ನೋಡುತ್ತಾನೆ.